ಜೋಕಾಲಿ ಹಾಡಿನ ಕೊನೆಯ ನುಡಿ

ಆ ಹಾಡನ್ನು ಹಾಡಿ ನಾನು ಸೀರೆ ಮಾರಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಡಿನ ಅರ್ಥ ಹೇಳುವವರು ಸಾಮಾನ್ಯವಾಗಿ ಓದಿದವರಾಗಿರುತ್ತಾರೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಈಗ ಕಲಬುರಗಿಯ ಸ್ಟೇಶನ್ ಬಜಾರದ ಗಲ್ಲಿಯೊಂದರಲ್ಲಿ ನನ್ನದೇ ಸೀರೆ ಅಂಗಡಿ ಇದೆ, ಗಾಜಿಪುರದಲ್ಲಿ ಮನೆ ಇದೆ. ಆದರೆ ಶುರುವಾದದ್ದು ತಲೆಯ ಮೇಲಿನ ಗಂಟಿನಿಂದ. ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋಗಿ, ಓಣಿ ಓಣಿ ತಿರುಗಿ, ಗಂಟು ಹಗುರಾದ ಮೇಲೆ ಮನೆಗೆ ಬರುತ್ತಿದ್ದೆ. ಹಗುರಾಗದ ದಿನಗಳೂ ಇದ್ದವು. ಅಂಥ ದಿನಗಳಲ್ಲಿ ಕಲಿತದ್ದೇ ನಿಜವಾದ ವ್ಯಾಪಾರ.

ಶ್ರಾವಣ ಬಂತೆಂದರೆ ಕಮಲಾಪುರದಲ್ಲಿ ಬೇವಿನ ಮರಕ್ಕೆ, ಹುಣಸೆ ಮರಕ್ಕೆ ಪಂಚಮಿಯ ಜೋಕಾಲಿ ಬೀಳುತ್ತವೆ. ಹೊಸದಾಗಿ ಮದುವೆಯಾದ ಹುಡುಗಿಯರೆಲ್ಲ ತವರಿಗೆ ಬಂದಿರುತ್ತಾರೆ. ಮರದ ಕೆಳಗೆ ಹೆಂಗಸರ ಗುಂಪು. ಅಲ್ಲಿಗೆ ಹೋಗಿ ನೇರವಾಗಿ ಗಂಟು ಬಿಚ್ಚಿದರೆ ಕೆಟ್ಟಿರಿ. "ಬ್ಯಾಡವ್ವ, ಮೊನ್ನೇ ತಗೊಂಡೀವಿ" ಎಂದು ಮುಖ ತಿರುಗಿಸುತ್ತಾರೆ. ನಾನು ಗಂಟನ್ನು ಮಗ್ಗುಲಲ್ಲಿಟ್ಟು, ಅದರ ಮೇಲೆ ಮೊಣಕೈ ಊರಿ, ನೀರು ಕೇಳಿ ಕುಡಿದು, ಅವರ ಹಾಡಿಗೆ ದನಿ ಸೇರಿಸುತ್ತಿದ್ದೆ. ಹಾಡಿನ ಎರಡನೆಯ ನುಡಿಯಲ್ಲಿ ನೀಲಿ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಮಾತು ಬರುತ್ತದೆ. ಸರಿಯಾಗಿ ಆಗ ನನ್ನ ಕೈ ಗಂಟಿನ ಬಾಯಿಗೆ ಹೋಗುತ್ತಿತ್ತು. ಒಬ್ಬಳಾದರೂ, "ನಿನ್ನ ಹಂತೇಲಿ ಅಂಥ ನೀಲಿ ಅದ ಏನ?" ಎಂದು ಕೇಳೇ ಕೇಳುತ್ತಿದ್ದಳು. ಗಿರಾಕಿ ತಾನಾಗಿ ಕೇಳಿದ ಮೇಲೆ ವ್ಯಾಪಾರ ಅರ್ಧ ಮುಗಿದ ಹಾಗೆ. ಅಂಗಡಿ ಇಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಹಾಡು ದೊಡ್ಡದಲ್ಲ. ಹುಡುಗಿ ಬಾಗಿಲ ಒಳಗೆ, ಅವಳನ್ನು ಮೆಚ್ಚಿದವನು ಬಾಗಿಲ ಹೊರಗೆ. ಅವನು ಒಂದೊಂದು ಸಾಮಾನು ತರುತ್ತಾನೆ, ಅವಳು ಒಂದೊಂದಕ್ಕೂ ಹುಳುಕು ತೆಗೆಯುತ್ತಾಳೆ.

ಹಣಿಗಿ ತಂದೇನ ಗೆಳತಿ, ಬಾಗಿಲ ತೆರಿಯ.
ಹಲ್ಲ ಮುರದಾವ ಗೆಳೆಯ, ಹಿಂದಕ ನಡಿಯ.

ಹೀಗೇ ನೀಲಿ ಖಣ ತಂದರೆ ನೂಲು ಒರಟು, ಹಸಿರು ಬಳೆ ತಂದರೆ ಕೈಗೆ ಸಡಿಲು, ಕೇದಗೆ ತಂದರೆ ಮುಳ್ಳು. ಪ್ರತಿ ಸಲವೂ ಹಿಂದಕ್ಕೆ ನಡಿ ಎನ್ನುತ್ತಾಳೆ. ಐದನೆಯ ನುಡಿಗೆ ಬಂದಾಗ ಮಾತ್ರ ಬೇರೆ:

ಏನೂ ತಂದಿಲ್ಲ ಗೆಳತಿ, ಬರಿಗೈಲೆ ಬಂದೀನಿ.
ಅಗಳಿ ಹಾಕಿಲ್ಲ ಗೆಳೆಯ, ಆಗಿಂದ ಕಾದೀನಿ.

ಇಲ್ಲಿಗೆ ಬಂದ ಕೂಡಲೇ ಹೆಂಗಸರೆಲ್ಲ ಹೋ ಎಂದು ನಗುತ್ತಿದ್ದರು, ಜೋಕಾಲಿಯ ಮೇಲಿದ್ದವಳನ್ನು ಜೋರಾಗಿ ತೂಗಿಬಿಡುತ್ತಿದ್ದರು, ಹಾಡು ಅಲ್ಲಿಗೆ ನಿಲ್ಲುತ್ತಿತ್ತು. ಹಾಡೇ ಅಷ್ಟು ಎಂದು ನಾನು ತಿಳಿದಿದ್ದೆ. ಅದರ ಅರ್ಥವೂ ನನಗೆ ಸ್ಪಷ್ಟವಿತ್ತು. ಅದು ಚೌಕಾಶಿಯ ಹಾಡು. ಅಂಗಡಿಗೆ ಬಂದು ಚೆನ್ನಾಗಿದೆ, ಚೆನ್ನಾಗಿದೆ ಎನ್ನುವವಳು ಕೊಳ್ಳುವುದಿಲ್ಲ, ಹಾಗೇ ಎದ್ದು ಹೋಗುತ್ತಾಳೆ. ಸೆರಗು ಹಿಡಿದು ಬೆಳಕಿಗೆ ಒಯ್ದು ಹುಳುಕು ಹುಡುಕುವವಳೇ ಕೊಳ್ಳುವವಳು. ಹಾಡಿನ ಹುಡುಗಿಯೂ ಹಾಗೆ ಎಂದುಕೊಂಡಿದ್ದೆ. ಹುಳುಕು ತೆಗೆಯುತ್ತ ತೆಗೆಯುತ್ತ ಅವಳು ಕೊಳ್ಳುವುದಕ್ಕೆ ಹತ್ತಿರವಾಗುತ್ತಿದ್ದಾಳೆ, ಹುಡುಗ ಬೇಸರವಿಲ್ಲದೆ ಸಾಮಾನು ತೋರಿಸುತ್ತ ಹೋಗಬೇಕು, ಅಷ್ಟೇ.

ಈ ಅರ್ಥ ಇಟ್ಟುಕೊಂಡು ನಾನು ಸುಖವಾಗಿಯೇ ಇದ್ದೆ, ಒಂದು ಶ್ರಾವಣದಲ್ಲಿ ನನ್ನ ತಂಗಿಯ ಫೋನು ಬರುವ ತನಕ.

ತಂಗಿಯನ್ನು ಕೊಟ್ಟದ್ದು ಕಮಲಾಪುರಕ್ಕೆ. ಕೆಂಪು ಬಾಳೆಯ ತೋಟದ ಮನೆ ಅವರದು. ಅವಳ ಮಗಳಿಗೆ ಕೋಟನೂರಿನ ಹುಡುಗನನ್ನು ಹುಡುಕಿ ಸಂಬಂಧ ಕುದುರಿಸಿದವಳು ನಾನೇ. ಹಾಗಾಗಿ ಆ ಸಂಸಾರದಲ್ಲಿ ಏನು ಕೆಟ್ಟರೂ ಮೊದಲ ಫೋನು ನನಗೆ.

"ಅಕ್ಕಾ, ನೀ ಮಾಡಿದ ಸಂಬಂಧ, ನೀನೇ ಬಂದು ನೋಡು. ಹುಡುಗಿ ಪಂಚಮಿಗಿ ಬಂದಾಳ, ವಾಪಸ್ ಹೋಗೂದಿಲ್ಲಂತ ಕುಂತಾಳ."

"ಕೈ ಮಾಡ್ಯಾನೇನು?"

"ಇಲ್ಲ."

"ಕುಡದಾನೇನು?"

"ಚಾ ಬಿಟ್ಟು ಏನೂ ಕುಡಿಯೂದಿಲ್ಲ."

"ಅತ್ತಿ ಕಾಟೇನು?"

"ಅತ್ತಿ ಈಕಿನ್ನ ಅಂಗೈಯಾಗ ಇಟಗೊಂಡಾಳ."

"ಮತ್ತ ರೋಗ ಏನ ಆಕಿಗಿ?"

"ತಗೋ, ಆಕಿನ್ನೇ ಕೇಳು," ಎಂದು ತಂಗಿ ಫೋನನ್ನು ಮಗಳಿಗೆ ಕೊಟ್ಟಳು.

ಹುಡುಗಿ ಬಿ.ಎ. ಮುಗಿಸಿದವಳು, ಮಾತು ಚುರುಕು. "ದೊಡ್ಡವ್ವ, ಮದುವ್ಯಾಗಿ ಚಳಿಗಾಲ ಹೋತು, ಬ್ಯಾಸಗಿ ಹೋತು, ಮಳಿ ಬಂತು. ಅವರು ನನ್ನ ಕೂಡ ನೆಟ್ಟಗ ಒಂದು ಮಾತಾಡಿಲ್ಲ. ನಾ ಎದರಿಗೇ ನಿಂತಿರ್ತೀನಿ. 'ಅವ್ವಾ, ಚಾ ಮಾಡಂತ ಹೇಳು' ಅಂತಾರ. ಅವರವ್ವ ನನಗ ಹೇಳ್ತಾರ, ನಾ ಮಾಡ್ತೀನಿ, ಕಪ್ಪು ಅವರವ್ವನ ಕೈಲೆ ಹೋಗ್ತದ. ನಾ ಏನು ಗ್ಯಾಸಿನ ಒಲೀನಾ?"

"ಹಿರೇರ ಮುಂದ ಹಂಗೇ ಇರ್ತದವ್ವ. ನಮ್ಮವರೂ ನನ್ನ ಹೆಸರು ಹಿಡದು ಕರದಿಲ್ಲ. ಕ್ವಾಣ್ಯಾಗ ಮಾತಾಡ್ತಾನಿಲ್ಲ?"

"ಕ್ವಾಣ್ಯಾಗ ಮಾತಾಡ್ತಾರ. 'ಫ್ಯಾನ್ ಜೋರ ಮಾಡ್ಲೇನು' ಅಂತಾರ. ನಾ ಹೂಂ ಅಂತೀನಿ. ಜೋರ ಮಾಡಿ ಮಕ್ಕೋತಾರ."

ನನಗೆ ನಗು ಬಂತು, ತಡೆದುಕೊಂಡೆ. ಅವಳು ನಗುವ ಹದದಲ್ಲಿ ಇರಲಿಲ್ಲ. ಮಾತಿನ ಕೊನೆಗೆ ದನಿ ಸಣ್ಣಗಾಯಿತು. "ನಾ ಜಗಳ ಆಡಿ ಬಂದಿಲ್ಲ ದೊಡ್ಡವ್ವ. ಆದ್ರ ಅವರಿಗಿ ನಾ ಬೇಕೋ ಬ್ಯಾಡೋ ಅನ್ನೂದು ನನಗ ತಿಳೀಬೇಕಲ್ಲ. ತಿಳೀದಽ ಹ್ಯಾಂಗ ಹೋಗ್ಲಿ? ಇಲ್ಲಿ ಜೋಕಾಲಿ ಮ್ಯಾಲ ನಾವು ಹಾಡಿದ ಹಾಡು ಅವರ ಫೋನಿಗಿ ಕಳಿಸೀನಿ. ಇದರ ಅರ್ಥ ತಿಳಕೊಂಡು ಬರ್ರಿ, ತಿಳೀಲಿಲ್ಲಂದ್ರ ಬರಬ್ಯಾಡ್ರಿ ಅಂತ ಹೇಳೀನಿ."

ಮರುದಿನ ಮಧ್ಯಾಹ್ನ ಹುಡುಗ ನನ್ನ ಅಂಗಡಿಯ ಮೆಟ್ಟಿಲ ಮೇಲಿದ್ದ. ಪಂಪ್‌ಸೆಟ್ಟಿನ ಮೋಟರು ಸುಟ್ಟರೆ ತಂತಿ ಸುತ್ತಿ ರಿಪೇರಿ ಮಾಡುವ ಅಂಗಡಿ ಅವನದು. ಕೈಗೆ ಯಾವಾಗಲೂ ವಾರ್ನಿಶಿನ ವಾಸನೆ. ಗಾದಿಯ ತುದಿಗೆ ಕುಳಿತು, ಗಿರಾಕಿ ಹೋಗುವ ತನಕ ಕಾದು, ಫೋನು ತೆಗೆದು ನನ್ನ ಮುಂದಿಟ್ಟ. ಹಾಡು ಶುರುವಾಯಿತು. ನಮ್ಮ ಹುಡುಗಿಯದೇ ಗಂಟಲು. ಜೋಕಾಲಿ ಹಿಂದೆ ಹೋದಾಗ ದನಿ ದೂರವಾಗುತ್ತಿತ್ತು, ಮುಂದೆ ಬಂದಾಗ ಹತ್ತಿರವಾಗುತ್ತಿತ್ತು. ಐದನೆಯ ನುಡಿಗೆ ಅದೇ ನಗೆ, ಅಲ್ಲಿಗೆ ನಿಂತಿತು.

"ಅತ್ತಿಯವರ, ಇದರ ಅರ್ಥ ಏನಂತ ಕೇಳ್ಯಾಳ್ರಿ. ಮೋಟರ್ ಎಲ್ಲಿ ಸುಟ್ಟದ ಅಂತ ವಾಸನಿ ಮ್ಯಾಲೇ ಹೇಳ್ತೀನ್ರಿ ನಾ. ಇದು ಎಷ್ಟು ಸಲ ಕೇಳಿದ್ರೂ ತಿಳೀವಲ್ದು."

ಅವನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದ್ದವು. ನಾನು ಚಹಾ ತರಿಸಿ, ಗಿರಾಕಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. ಆಕೆ ಹುಳುಕು ತೆಗೆದಳೆಂದರೆ ಹೆದರಬಾರದು, ತೋರಿಸುತ್ತ ಹೋಗಬೇಕು, ಇತ್ಯಾದಿ. ಅವನು ಎಲ್ಲ ಕೇಳಿ ತಲೆ ಕೆರೆದುಕೊಂಡ.

"ಆದ್ರ ಐದನೇದ್ರಾಗ ಬರಿಗೈಲೆ ಬಂದೀನಿ ಅಂತಾನಲ್ರೀ ಅವ. ಆಗಽ ಬಾಗಲ ತೆರದಾದ. ನಾನೂ ಬರಿಗೈಲೆ ಹೋದ್ರ?"

"ಅಳಿಯಾರ, ಐದನೇ ಮೆಟ್ಟಲ ಹತ್ತಬೇಕಂದ್ರ ಮೊದಲ ನಾಕು ಹತ್ತಬೇಕೋ ಬ್ಯಾಡೋ? ಮೊದಲ ನಾಕು ಸಾಮಾನು ತೋರಸ್ರಿ. ಆಮ್ಯಾಲ ಕೈ ಝಾಡಸಿ ನಿಂದರ್ರಿ. ಸುಮ್ಮ ಖಾಲಿ ಕೈಲೆ ಹೋದ್ರ ಜಿಪುಣ ಅಂತಾಳ."

ಆ ಕ್ಷಣದಲ್ಲಿ ನನಗೆ ನನ್ನ ಬುದ್ಧಿಯ ಬಗ್ಗೆ ಬಹಳ ಹೆಮ್ಮೆ ಇತ್ತು.

ಅಂಗಡಿಗೆ ಅರ್ಧ ಬಾಗಿಲು ಹಾಕಿ ಅವನನ್ನು ಕರೆದುಕೊಂಡು ಬಜಾರಕ್ಕೆ ಹೊರಟೆ. ಖಣ ನನ್ನಲ್ಲಿಯೇ ಇತ್ತು, ಇದ್ದುದರಲ್ಲಿ ಮೆತ್ತನೆಯ ನೀಲಿಯದನ್ನು ತೆಗೆದಿಟ್ಟಿದ್ದೆ. ಮರದ ಹಣಿಗೆಗೆ ಮೂರು ಅಂಗಡಿ ಹತ್ತಿ ಇಳಿದೆವು. ನಿಮಗೂ ಹೇಳುತ್ತೇನೆ: ಬೇಕಾದ ಸಾಮಾನನ್ನು ಮೊದಲು ಮುಟ್ಟಬೇಡಿ. ಅದರ ಪಕ್ಕದ್ದನ್ನು ಎತ್ತಿ ನೋಡಿ, ಬೇಸರದ ಮುಖ ಮಾಡಿ, ಹೋಗುವಾಗ ನೆನಪಾದವರ ಹಾಗೆ ಬೇಕಾದದ್ದನ್ನು ಕೇಳಿ. ಹುಡುಗನಿಗೂ ಇದನ್ನು ಹೇಳಿಕೊಟ್ಟೆ. ಅವನು ಹಣಿಗೆಯನ್ನು ನೋಡಿದ ಕೂಡಲೇ, "ಇದು ಭಾಳ ಛಲೋ ಅದ್ರೀ" ಎಂದುಬಿಟ್ಟ. ಅಂಗಡಿಯವನ ಮುಖ ಅರಳಿತು. ನನ್ನ ಕೆಲಸ ದುಪ್ಪಟ್ಟಾಯಿತು.

ಬಳೆಗಾರ ಅಳತೆ ಕೇಳಿದ. ನಾನು ನನ್ನ ಕೈ ಮುಂದೆ ಮಾಡಿ, "ಇದಕ್ಕಿಂತ ಒಂದು ಸಣ್ಣದು" ಎಂದೆ. ಅಲ್ಲಿಯ ತನಕ ಮಿಸುಕದೆ ನಿಂತಿದ್ದ ಹುಡುಗ, "ಅಲ್ರಿ, ಇಷ್ಟು" ಎಂದು ಹೆಬ್ಬೆರಳಿಗೆ ನಡುಬೆರಳು ಸೇರಿಸಿ ಒಂದು ಸುತ್ತು ಮಾಡಿ ತೋರಿಸಿದ. ನನ್ನ ಅಳತೆಗಿಂತ ಇನ್ನೂ ಸಣ್ಣದು. ಬಳೆಗಾರ ನಕ್ಕ. "ಕೂಸಿನ ಕೈ ಅಂತ ತಿಳದೀರೇನು?" ಎಂದು ನಾನೂ ಗದರಿದೆ. ಹುಡುಗ ಬೆರಳ ಸುತ್ತನ್ನು ಬಿಚ್ಚಲಿಲ್ಲ. ಹಾಗೇ ಕೈ ಹಿಡಿದು ನಿಂತ. ಕೊನೆಗೆ ಅವನ ಅಳತೆಯವನ್ನೇ ಕಟ್ಟಿಸಿದೆವು.

ಕೇದಗೆಗಾಗಿ ಅಲೆದದ್ದನ್ನು ಹೇಳುವುದೇ ಬೇಡ. ಮಲ್ಲಿಗೆ ತಗೊಂಡರಾಯಿತು ಎಂದರೆ ಅವನು ಒಪ್ಪಲಿಲ್ಲ, ಹಾಡಿನಲ್ಲಿ ಇರುವುದು ಕೇದಗೆ ಎಂದ. ಕೊನೆಗೆ ಗುಡಿಯ ಮುಂದೆ ಹೂ ಮಾರುವ ಹೆಂಗಸು, ಪಂಚಮಿಯ ದಿನ ಬೆಳಿಗ್ಗೆ ತಂದಿಡುತ್ತೇನೆ ಎಂದು ಮಾತು ಕೊಟ್ಟಳು. ಮಾತು ಉಳಿಸಿಕೊಂಡಳು ಕೂಡ.

ಪಂಚಮಿಯ ದಿನ ಇಬ್ಬರೂ ಬಸ್ಸಿಗೆ ಕಮಲಾಪುರಕ್ಕೆ ಹೋದೆವು. ಅವನ ತೊಡೆಯ ಮೇಲೆ ಚೀಲ, ಚೀಲದಿಂದ ಕೇದಗೆಯ ಘಮ. ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ದಾರಿಯುದ್ದಕ್ಕೂ ನಾನು ಪಾಠ ಹೇಳಿಕೊಟ್ಟೆ. ಯಾವುದನ್ನು ಮೊದಲು ತೆಗೆಯಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲ. ಅವನು ಹೂಂ ಹೂಂ ಎನ್ನುತ್ತಿದ್ದ. ಈ ಹೂಂಗುಟ್ಟುವಿಕೆ ಕೇಳಿ ಕೇಳಿ ಹುಡುಗಿಗೆ ಬೇಸರ ಬಂದದ್ದರಲ್ಲಿ ತಪ್ಪೇನೂ ಇಲ್ಲ ಎಂದು ನನಗೂ ಅನ್ನಿಸಿತು.

ತಂಗಿಯ ತೋಟದ ಅಂಚಿಗೆ ಬೇವಿನ ಮರ. ಅದರ ಟೊಂಗೆಗೆ ದಪ್ಪ ಹಗ್ಗದ ಜೋಕಾಲಿ. ನಾಗಪ್ಪನಿಗೆ ಹಾಲೆರೆದು ಬಂದ ಓಣಿಯ ಹೆಂಗಸರೆಲ್ಲ ಉಂಡಿ ತಿನ್ನುತ್ತ ನೆರಳಿನಲ್ಲಿ ಕೂತಿದ್ದರು. ಮರದ ಬುಡದಲ್ಲಿ ತಂಗಿಯ ಅತ್ತೆ, ಎಂಬತ್ತು ದಾಟಿದ ಮುದುಕಿ, ನನ್ನನ್ನು ಇವತ್ತಿಗೂ 'ಗಂಟಿನಾಕಿ' ಎಂದೇ ಕರೆಯುವವಳು. ಜೋಕಾಲಿಯ ಮೇಲೆ ನಮ್ಮ ಹುಡುಗಿ. ಗಂಡ ಬಂದದ್ದನ್ನು ನೋಡಿ ನೆಲಕ್ಕೆ ಕಾಲು ಊರಿ ಜೋಕಾಲಿ ನಿಲ್ಲಿಸಿದಳು. ಇಳಿಯಲಿಲ್ಲ.

"ಅರ್ಥ ತಿಳಕೊಂಡು ಬಂದೀರೇನು?"

ಹುಡುಗ ಉತ್ತರಕ್ಕೆ ಚೀಲದಿಂದ ಹಣಿಗೆ ತೆಗೆದ. ಕೂತಿದ್ದ ಹೆಂಗಸರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೆ? ಯಾರೂ ಹೇಳಿಕೊಡದೆ ಎಲ್ಲರೂ ಒಂದೇ ದನಿಯಲ್ಲಿ ಹಣಿಗೆಯ ನುಡಿ ಎತ್ತಿಕೊಂಡರು. ಅವನು ಖಣ ತೆಗೆದ, ಅವರು ಖಣದ ನುಡಿ ಹಾಡಿದರು. ಅವನ ಕಿವಿ ಕೆಂಪಾದವು. ಬಳೆ ಕೊಟ್ಟಾಗ ಹುಡುಗಿ ಒಂದನ್ನು ಕೈಗೆ ಏರಿಸಿ ನೋಡಿದಳು. ಹೆಂಗಸರು ಸಡಿಲಾದವು ಎಂದು ಹಾಡುತ್ತಿದ್ದರೆ ಬಳೆ ಮಾತ್ರ ಅವಳ ಕೈಯಲ್ಲಿ ಅಚ್ಚು ಹೊಯ್ದ ಹಾಗೆ ಕೂತಿತ್ತು.

"ಅಳತಿ ಯಾರು ಹೇಳಿದ್ರು?" ಎಂದು ನನ್ನನ್ನು ಕೇಳಿದಳು.

"ನಿನ್ನ ಗಂಡ."

ಅವಳು ಅವನ ಕಡೆ ನೋಡಿದಳು. ಅವನು ಕೇದಗೆಯ ಕಡೆ ನೋಡುತ್ತಿದ್ದ. ಅದನ್ನೂ ಕೊಟ್ಟ. ಎಲ್ಲ ಅವಳ ಮಡಿಲಲ್ಲಿ ತುಂಬಿದ ಮೇಲೆ ನಾನು ಕಲಿಸಿದ್ದಂತೆ ಎರಡೂ ಕೈ ಝಾಡಿಸಿ ನಿಂತ. ಹೆಂಗಸರು ಐದನೆಯ ನುಡಿ ಹಾಡಿ ಹೋ ಎಂದರು. ಹುಡುಗಿ ಮಾತ್ರ ನಗಲಿಲ್ಲ.

"ನಾ ಹಾಡು ಕಳಿಸಿದ್ದೆ. ನೀವು ಬಜಾರ ತಂದೀರಿ."

ತಂಗಿ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಕೈ ಮೀರುತ್ತಿರುವ ವ್ಯಾಪಾರವನ್ನು ಹಿಡಿಯುವುದು ನನಗೆ ಗೊತ್ತು ಎಂದು ನಾನು ಮುಂದೆ ಬಂದೆ. "ನೋಡವ್ವ, ಈ ಹಾಡಿನ ಅರ್ಥ ಏನಂದ್ರ..."

"ದೊಡ್ಡವ್ವ, ನಾ ಸಂಸಾರ ಮಾಡಬೇಕಾದದ್ದು ನಿನ್ನ ಕೂಡೇನು?"

ಹೆಂಗಸರಿಗೆ ಮತ್ತೆ ನಗು. ನಾನು ಕೂತುಬಿಟ್ಟೆ. ಕೂತುಕೊಳ್ಳಬೇಕಾದ ಹೊತ್ತು ಯಾವುದೆಂದು ತಿಳಿಯುವುದೂ ಒಂದು ವಿದ್ಯೆಯೇ.

"ಅರ್ಥ ನಾನೇ ಹೇಳ್ತೀನಿ ಕೇಳ್ರಿ," ಎಂದಳು ಹುಡುಗಿ, ನೇರವಾಗಿ ಗಂಡನಿಗೆ. "ಬರಿಗೈಲೆ ಬಂದೀನಂತ ಅವ ಬಾಯಿ ಬಿಟ್ಟು ಹೇಳ್ಯಾನ. ಅಗಳಿ ಹಾಕಿಲ್ಲಂತ ಆಕಿ ಬಾಯಿ ಬಿಟ್ಟು ಹೇಳ್ಯಾಳ. ಹೇಳ್ದಽ ಇದ್ದಿದ್ರ ಅವ ಹೊರಗೇ, ಆಕಿ ಒಳಗೇ. ಬಾಗಲಕ್ಕ ಅಗಳಿ ಇರದಿದ್ರೂ ಏನು ಉಪಯೋಗ? ನಮ್ಮ ಮನ್ಯಾಗ ಅದೇ ಆಗ್ಯಾದ."

ಹುಡುಗ ಖಾಲಿ ಚೀಲ ಮಡಚತೊಡಗಿದ. ಇವತ್ತು ಇವನು ಮಾತಾಡದಿದ್ದರೆ ಇವಳು ನಿಜವಾಗಿಯೂ ಹೋಗುವುದಿಲ್ಲ ಎಂದು ನನಗೆ ಆಗ ಖಾತ್ರಿಯಾಯಿತು.

ಆಗ ಮರದ ಬುಡದಿಂದ ಮುದುಕಿಯ ದನಿ ಬಂತು. "ಎಲ್ಲಾರೂ ಅಲ್ಲೇ ನಿಲ್ಲಸ್ತೀರಿ. ಇನ್ನೊಂದು ನುಡಿ ಅದ."

ತಂಗಿ ಗಾಬರಿಯಾಗಿ ಎದ್ದಳು. "ಅತ್ತಿ, ಬ್ಯಾಡ್ರಿ. ಅಳಿಯ ನಿಂತಾನ ಇಲ್ಲಿ."

"ಅಳಿಯ ನಿಂತಾನಂತೇ ಹಾಡ್ತೀನಿ. ನೀ ಕೂಡು."

ಬಾಗಿಲು ತೆರೆದ ಮೇಲಿನ ಕಥೆ ಅಲ್ಲವೇ. ಹುಡುಗಿಯರು ಸೆರಗು, ವೇಲು ಬಾಯಿಗೆ ಅಡ್ಡ ಹಿಡಿದು ಹತ್ತಿರ ಸರಿದರು. ನಾನೂ ಸರಿದೆ. ಮುದುಕಿ ಕಣ್ಣು ಮುಚ್ಚಿ, ನಡುಗುವ ಗಂಟಲಲ್ಲಿ ನಿಧಾನವಾಗಿ ಹಾಡಿದಳು.

ತೋಳ ಮ್ಯಾಲ ತಲಿಯಿಟ್ಟು ಗೆಳೆಯ ಮಲಗ್ಯಾನ.
ಜೋಮು ಹಿಡದರ ಹಿಡೀಲಿ, ಎಬ್ಬಸಲಾರೆ ನಾನ.

ನಾವು ಮುಂದಿನದಕ್ಕೆ ಕಾದೆವು. ಮುಂದೆ ಏನೂ ಇರಲಿಲ್ಲ.

"ಇಷ್ಟೇನಾ ಆಯಿ?" ಎಂದಳು ಒಬ್ಬಳು, ಮೋಸ ಹೋದವಳ ಹಾಗೆ.

"ಇಷ್ಟೇ."

"ಇಷ್ಟಕ್ಕ ನೀವು ಇಷ್ಟು ವರ್ಷ ಮುಚ್ಚಿಟ್ಟೀರಿ? ನಾವು ಏನೇನೋ ತಿಳದಿದ್ವಿ."

ಮುದುಕಿ ಕಣ್ಣು ತೆರೆದಳು. "ನೀ ತಿಳದದ್ದು ಎಲ್ಲಾರ ಮನ್ಯಾಗೂ ಇರೂದೇ. ಅದಕ್ಕೇನು ನಾಚೂದದ? ನಾವು ನಾಚತಿದ್ದದ್ದು ಇದಕ್ಕಽ. ಕೈ ಜೋಮು ಹಿಡದು ಮುಂಜಾನಿ ಕಸಬರಗಿ ಹಿಡೀಲಾಕ ಬರ್ತಿದ್ದಿಲ್ಲ. ಯಾಕ ಅಂತ ಅತ್ತಿ ಕೇಳಿದ್ರ ಏನಂತ ಹೇಳಬೇಕು?"

ಮುದುಕಿಯ ಗಂಡ ತೀರಿಹೋಗಿ ಬಹಳ ವರ್ಷಗಳಾಗಿವೆ. ಅವಳು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಿಂದ ಮೆಲ್ಲಗೆ ಸವರುತ್ತಿದ್ದಳು, ಮುಖದಲ್ಲಿ ದುಃಖವೇನೂ ಇರಲಿಲ್ಲ. ನನಗೆ ನಮ್ಮವರ ನೆನಪಾಯಿತು. ಗಂಟು ಹೊತ್ತು ಬಂದ ದಿನಗಳಲ್ಲಿ ನಾನು ಗೋಡೆಗೆ ಒರಗಿ ಹಾಗೇ ಕಣ್ಣು ಮುಚ್ಚಿದರೆ, ಮನೆಯಲ್ಲಿ ಒಂದು ಪಾತ್ರೆಯ ಸದ್ದೂ ಆಗುತ್ತಿರಲಿಲ್ಲ. ಸದ್ದಾಗದ ಹಾಗೆ ನೋಡಿಕೊಳ್ಳುತ್ತಿದ್ದವರು ಯಾರು ಎಂದು ನಾನು ಯಾವತ್ತೂ ವಿಚಾರ ಮಾಡಿರಲಿಲ್ಲ. ಇಷ್ಟು ವರ್ಷ ಹಾಡಿದ ಹಾಡನ್ನು ನಾನು ತೋರಿಸುವ ಸಾಮಾನಿನ ತನಕ ಮಾತ್ರ ಕೇಳಿದ್ದೆ. ಆರನೆಯ ನುಡಿಯಲ್ಲಿ ತೋರಿಸುವುದಕ್ಕೆ ಏನೂ ಇಲ್ಲ. ತೋರಿಸಿದರೆ ಅವನಿಗೆ ಎಚ್ಚರವಾಗುತ್ತದೆ.

ನಾನು ಹೀಗೆ ಯೋಚಿಸುತ್ತಿರುವಾಗ ಹುಡುಗ ಫಕ್ಕನೆ ನಕ್ಕ. ಎಲ್ಲರೂ ಅವನ ಕಡೆ ತಿರುಗಿದರು.

"ಯಾಕ ನಗತೀರಿ?" ಎಂದಳು ಹೆಂಡತಿ.

"ಏನಿಲ್ಲ."

"ಹೇಳ್ರಿ."

ಅವನು ಕತ್ತು ಸವರಿಕೊಂಡ. "ಆಯಿ ಹಾಡಿದ್ದು ನಾ ಮಾಡೀನಿ. ಅದು ಹೇಳೂ ಮಾತು ಅಂತ ಗೊತ್ತಿದ್ದಿಲ್ಲ."

"ಏನು ಮಾಡೀರಿ?"

"ಯುಗಾದಿ ಮುಗಿಸಿ ಇಲ್ಲಿಂದ ವಾಪಸ್ ಹೋಗೂ ಮುಂದ. ಕಲಬುರಗಿ ಸ್ಟ್ಯಾಂಡಿನ್ಯಾಗ ಜೇವರ್ಗಿ ಬಸ್ಸು ಹತ್ತಿದ್ವಿ, ಕೋಟನೂರಿಗಿ ಇಳೀಬೇಕಾಗಿತ್ತು. ನೀ ನನ್ನ ಹೆಗಲಿಗಿ ತಲಿ ಹಚ್ಚಿ ಮಕ್ಕೊಂಡಿದ್ದಿ." ಇಷ್ಟು ಹೇಳಿ ಸುತ್ತಲ ಹೆಂಗಸರನ್ನು ನೋಡಿ ನಿಲ್ಲಿಸಿದ. ಮುದುಕಿ, ಮುಂದುವರಿಸು ಎಂಬಂತೆ ಕೈಸನ್ನೆ ಮಾಡಿದಳು. "ಕೋಟನೂರ ಬಂತು. ಎಬ್ಬಸಬೇಕಂತ ಕೈ ಎತ್ತಿದೆ. ಮತ್ತ ಇಳಿಸಿದೆ. ಬಸ್ಸು ಮುಂದಕ್ಕ ಹೋತು."

ಜೋಕಾಲಿಯ ಹಗ್ಗ ಹಿಡಿದಿದ್ದ ಹುಡುಗಿಯ ಕೈ ಸಡಿಲಾಯಿತು. "ಡ್ರೈವರ್ ನಿಲ್ಲಸಲಿಲ್ಲ ಅಂದಿದ್ರಿ."

"ಹೂಂ."

"ಮುಂದಿನೂರಿಗಿ ಇಳದು ಆಟೋ ಹಿಡದು ಬಂದ್ವಿ. ತಡ ಯಾಕಾತು ಅಂತ ನಿಮ್ಮವ್ವ ನಿಮಗ ಬೈದ್ರು."

"ಹೂಂ."

"ನಾ ಆ ಡ್ರೈವರಗ ಎಷ್ಟು ಶಾಪ ಹಾಕೀನಿ ಗೊತ್ತದೇನು?"

"ಪಾಪ, ಅವ ನಿಲ್ಲಿಸಿದ್ದ. ಕೋಟನೂರ, ಕೋಟನೂರ ಅಂತ ಕಂಡಕ್ಟರ್ ಒದರೂನೂ ಒದರಿದ. ನಾನೇ ಬಾಯಿ ಮ್ಯಾಲ ಬೆರಳಿಟ್ಟು ತೋರಸಿದೆ."

ಮೊದಲು ನಕ್ಕವಳು ತಂಗಿ. ಆಮೇಲೆ ಎಲ್ಲರೂ. ಹುಡುಗಿ ನಗುತ್ತ ಕಣ್ಣು ಒರೆಸಿಕೊಂಡಳು, ಒರೆಸಿಕೊಳ್ಳುವಾಗ ಹೊಸ ಬಳೆ ಗಲ್ಲಕ್ಕೆ ತಾಗಿತು. ಮುಗಿಯಿತು, ಸಂಬಂಧ ಉಳಿಯಿತು ಎಂದು ನಾನು ಉಂಡಿಯ ತಟ್ಟೆಗೆ ಕೈ ಹಾಕಿದೆ. ನಮ್ಮ ಹುಡುಗಿ ಅಷ್ಟು ಸುಲಭದವಳಲ್ಲ.

"ಆದ್ರ ಇದು ನನಗ ಹ್ಯಾಂಗ ತಿಳೀಬೇಕು? ನಾ ಮಕ್ಕೊಂಡಿದ್ದೆ," ಎಂದಳು ಮೆಲ್ಲಗೆ. "ಮಕ್ಕೊಂಡಾರಿಗಿ ಆಯಿ ಹಾಡಿದ ನುಡಿ ಕೇಳಸೂದಿಲ್ಲ. ನನಗ ಅದೂ ಬೇಕು, ಅದರ ಹಿಂದಿನ ಬಾಯಿ ಬಿಟ್ಟು ಹೇಳೂ ನುಡೀನೂ ಬೇಕು."

ಮುದುಕಿ ತಲೆಯಾಡಿಸಿದಳು. "ಖರೇ ಅದ. ನಮ್ಮವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ರ ಛಲೋ ಇರ್ತಿತ್ತು."

ಹುಡುಗ ಎರಡು ಹೆಜ್ಜೆ ಮುಂದೆ ಬಂದು ಜೋಕಾಲಿಯ ಹಗ್ಗ ಹಿಡಿದ. "ಏನು ಮಾಡಬೇಕು ಹೇಳು."

"ಚಾ ಬೇಕಂದ್ರ ನನಗ ಕೇಳಬೇಕು. ನಿಮ್ಮವ್ವಗಲ್ಲ."

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

"ಮುಂಜಾನಿ ಅಪ್ಪ ಇರ್ತಾರ. ಸಂಜೀಕ ಕೇಳ್ತೀನಿ."

"ಎರಡೂ ಹೊತ್ತು."

ಇಲ್ಲಿ ಹುಡುಗ ಸ್ವಲ್ಪ ಹೊತ್ತು ಸುಮ್ಮನಿರಬೇಕಾಗಿತ್ತು. ಅದೇ ದಾರಿಯಲ್ಲಿ ಕಲಿಸಿದ ಪಾಠ. ಅವನು ಒಂದು ಉಸಿರೂ ಬಿಡಲಿಲ್ಲ. "ಸಂಜೀಕ ನಾನೇ ಅಡಗಿ ಮನಿಗಿ ಬಂದು ನಿನ್ನ ಕೂಡ ಕುಂತು ಕುಡೀತೀನಿ," ಎಂದ. ಯಾರೂ ಕೇಳದೇ ಇದ್ದದ್ದನ್ನು ಹೀಗೆ ಎತ್ತಿ ಕೊಡುತ್ತಾರೆಯೇ?

"ಹಂಗಾದ್ರ ಮುಂಜಾನಿದು ಬಿಡ್ರಿ," ಎಂದಳು ಅವಳು, ಗೆದ್ದದ್ದನ್ನು ತಾನಾಗಿ ಬಿಟ್ಟುಕೊಡುತ್ತ.

"ಇಲ್ಲ, ಮುಂಜಾನಿನೂ ಕೇಳ್ತೀನಿ. ಅಪ್ಪ ಏನ ಅಂತಾರ? ಅಂದ್ರ ಅನ್ಲಿ."

"ನಾನೂ ನಿಮಗ ಫೋನಿನ್ಯಾಗ ಅರ್ಥ ಕೇಳೂದಿಲ್ಲ ಇನ್ನ. ಬಾಯಿಲೆ ಕೇಳ್ತೀನಿ."

ನನಗೆ ತಡೆಯಲಾಗಲಿಲ್ಲ. ಇಷ್ಟು ಕೆಟ್ಟ ವ್ಯಾಪಾರವನ್ನು ಕಣ್ಣೆದುರಿಗೆ ನೋಡಿಕೊಂಡು ಹೇಗೆ ಕೂಡುವುದು? ಒಬ್ಬರು ಕೇಳುವ ಮೊದಲೇ ಇನ್ನೊಬ್ಬರು ಕೊಡುತ್ತಿದ್ದರು. ಕೊಟ್ಟದ್ದನ್ನು ಅವರು ತಿರುಗಿ ಕೊಡುತ್ತಿದ್ದರು. ನನ್ನ ಅಂಗಡಿಯಲ್ಲಿ ಹೀಗೆ ನಡೆದರೆ ಸಂಜೆಯೊಳಗೆ ಬಾಗಿಲು ಹಾಕಬೇಕಾಗುತ್ತಿತ್ತು. ಹುಡುಗಿಗೆ ಒಂದು ಮಾತು ಹೇಳೋಣವೆಂದು ಎದ್ದೆ. ಮುದುಕಿ ನನ್ನ ಸೆರಗು ಹಿಡಿದು ಜಗ್ಗಿದಳು.

"ಗಂಟಿನಾಕಿ, ಸುಮ್ಮ ಕೂಡು. ಈ ಗಂಟು ನಿಂದಲ್ಲ."

ಕೂತೆ. ತಂಗಿ ಅಳಿಯನಿಗೆ ಚಹಾ ಇಡಲು ಒಳಗೆ ಹೋದವಳು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಓಣಿಯ ಹೆಂಗಸರು ಬೇರೆ ಏನೋ ಹಾಡು ಎತ್ತಿಕೊಂಡು ಅವರಿಬ್ಬರ ಕಡೆ ಬೆನ್ನು ಮಾಡಿದರು, ಕಿವಿಯನ್ನು ಮಾತ್ರ ಈಚೆಗೇ ಬಿಟ್ಟಿದ್ದರು. ಜೋಕಾಲಿ ಮೆಲ್ಲಗೆ ತೂಗತೊಡಗಿತು. ಕೋಟನೂರಿಗೆ ಯಾವಾಗ ಹೊರಡುವುದು ಎಂಬ ಮಾತು ಆಗ ತಾನೇ ಶುರುವಾಗಿತ್ತು. ತವರಿನಲ್ಲಿ ಇನ್ನೂ ಒಂದು ವಾರ ಇದ್ದು ಬಾ ಎಂದು ಅವನು ಹೇಳುತ್ತಿದ್ದ. ಇಲ್ಲ, ನಾಳೆಯೇ ಎಂದು ಅವಳು ಪಟ್ಟು ಹಿಡಿದಿದ್ದಳು.